ಕೊಟೊನುವಿನ ಸೋಮಣ್ಣ, ಕರಾಮದ ನಾನು

ಬಾಗಿಲು ತೆರೆದಾಗ ಎದುರಿಗೆ ನಿಂತವನ ಎದೆ ಮಾತ್ರ ನನಗೆ ಕಾಣಿಸಿತು. ತಲೆಯೆತ್ತಿ ನೋಡಿದೆ. ಆಫ್ರಿಕದವನು, ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಕಂಕುಳಲ್ಲಿ ಒಂದು ಅನಾನಸು. ಮನೆ ತಪ್ಪಿ ಬಂದಿರಬೇಕು ಎಂದುಕೊಂಡು ನಾನು ಇಂಗ್ಲಿಷಿನಲ್ಲಿ ವಿಚಾರಿಸುವಷ್ಟರಲ್ಲಿ ಅವನೇ ಬಾಯಿ ತೆರೆದ.

“ಅಕ್ಕ, ಎಂಚ ಉಲ್ಲರ್? ಒಣಸ್ ಆಂಡಾ?”

ಹೇಗಿದ್ದೀರಿ, ಊಟ ಆಯಿತಾ ಎಂದು. ತುಳುವಿನಲ್ಲಿ, ಅದೂ ನನ್ನ ಅತ್ತೆಯ ರಾಗದಲ್ಲಿ. ದುಬೈಯ ಕರಾಮದ ಈ ಕಟ್ಟಡಕ್ಕೆ ನಾನು ಬಂದು ಆಗಲೇ ವರ್ಷ ಕಳೆದಿತ್ತು. ಊಟ ಆಯಿತಾ ಎಂದು ಈ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ ಮೊದಲನೆಯವನು ಅವನೇ. ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಅವನು ಯಾರೆಂದು ಆ ಎರಡು ಮಾತಿನಲ್ಲೇ ನನಗೆ ತಿಳಿದುಹೋಯಿತು. ಎಂಟು ವರ್ಷ ನನ್ನ ಗಂಡನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗಿದವನು ಇವನು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಬ್ರಹ್ಮಾವರದ ಕಡೆಯವಳು, ಮನೆಮಾತು ಕನ್ನಡ. ಗಂಡ ಸುಧಾಕರ ಕಾಪುವಿನವರು, ತುಳುವಿನವರು. ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಕನ್ನಡವೇ. ನನಗೆ ತುಳು ಪೂರಾ ಅರ್ಥವಾಗುತ್ತದೆ, ಆಡಿದರೆ ಮಾತ್ರ ಗಂಡನ ಮನೆಯವರು ನಗುತ್ತಾರೆ, ಹಾಗಾಗಿ ಆಡುವುದಿಲ್ಲ. ಮದುವೆಯಾಗಿ ಮೂರು ತಿಂಗಳಿಗೆ ಇವರು ಕೊಟೊನುವಿಗೆ ಹೋದರು. ಅದು ನೈಜೀರಿಯಾದ ಪಕ್ಕದ ಬೆನಿನ್ ಎಂಬ ಚಿಕ್ಕ ದೇಶದ ದೊಡ್ಡ ಪಟ್ಟಣ. ಭಟ್ಕಳದ ಸಾಹುಕಾರರೊಬ್ಬರಿಗೆ ಅಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇತ್ತು. ಇವರು ಅದರ ಮ್ಯಾನೇಜರು. ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು, ಹೋಗುತ್ತಿದ್ದರು. ನಾನು ಉಡುಪಿಯ ಬಾಡಿಗೆ ಮನೆಯಲ್ಲಿ ಇದ್ದೆ. ಮಗಳು ಮಾನ್ವಿ ಹುಟ್ಟಿದ್ದೂ ನಡೆಯಲು ಕಲಿತದ್ದೂ ಇವರು ಅಲ್ಲಿರುವಾಗಲೇ.

ಇವರು ಕಳಿಸುತ್ತಿದ್ದ ಫೋಟೋಗಳಲ್ಲಿ ಸಮುದ್ರ ಇರುತ್ತಿತ್ತು, ಮಾರುಕಟ್ಟೆ ಇರುತ್ತಿತ್ತು, ಎಲ್ಲದರ ಮುಂದೆ ಒಂದು ಹಳದಿ ಅಂಗಿಯ ಬೆನ್ನು ಇರುತ್ತಿತ್ತು. ಏಕೆಂದರೆ ಎಲ್ಲವನ್ನೂ ಬೈಕಿನ ಹಿಂದಿನ ಸೀಟಿನಿಂದ ತೆಗೆದದ್ದು. ಆ ಊರಿನಲ್ಲಿ ನಮ್ಮಂತೆ ಸಿಟಿ ಬಸ್ಸು, ಆಟೋ ಎಂದು ಹೆಚ್ಚು ಇಲ್ಲವಂತೆ. ಜನ ತಿರುಗುವುದು ಬಾಡಿಗೆ ಬೈಕಿನಲ್ಲಿ. ಅದಕ್ಕೆ ಝೆಮಿಜಾನ್ ಎಂದು ಹೆಸರು, ಬಾಯಿಮಾತಿನಲ್ಲಿ ಝೆಮ್. ಓಡಿಸುವವರು ಹಳದಿ ಅಂಗಿ ಹಾಕಿರುತ್ತಾರೆ, ಬೆನ್ನ ಮೇಲೆ ನಂಬರು. ಹತ್ತುವ ಮೊದಲೇ ಚೌಕಾಸಿ ಮಾಡಿ ಬಾಡಿಗೆ ಗೊತ್ತು ಮಾಡಿಕೊಳ್ಳಬೇಕು, ಹತ್ತಿದ ಮೇಲೆ ಮಾತಿಲ್ಲ. ರಸ್ತೆ ಬದಿಯಲ್ಲಿ ಗಾಜಿನ ಬಾಟಲಿಗಳಲ್ಲಿ ಪೆಟ್ರೋಲು ಇಟ್ಟು ಮಾರುತ್ತಾರೆ. ಶಾಲೆಯ ಮಕ್ಕಳು ಮೂರು ಮೂರು ಜನ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು, ಮಡಿಲಲ್ಲಿ ಆಡು ಹಿಡಿದ ಮುದುಕರು, ಬಾಗಿಲು ಕಳಚಿದ ಫ್ರಿಜ್ಜು, ಎಲ್ಲವೂ ಝೆಮ್ಮಿನ ಹಿಂದೆಯೇ. ಇದನ್ನೆಲ್ಲ ನಾನು ಕಣ್ಣಾರೆ ಕಂಡವಳಲ್ಲ. ಕೇಳಿ ಕೇಳಿ ಬಾಯಿಪಾಠವಾದದ್ದು.

ಆ ಹಳದಿ ಬೆನ್ನಿನವನ ಹೆಸರು ಕೋಜೋ. ಸೋಮವಾರ ಹುಟ್ಟಿದ ಗಂಡುಮಗುವಿಗೆ ಅಲ್ಲಿ ಇಡುವ ಹೆಸರಂತೆ. ಅದಕ್ಕೇ ಇವರು ಅವನನ್ನು ಸೋಮಣ್ಣ ಎಂದು ಕರೆಯತೊಡಗಿದರು. ಬೆಳಿಗ್ಗೆ ಅಂಗಡಿಗೆ ಬಿಡುವವನೂ ಸಂಜೆ ರೂಮಿಗೆ ಕರೆದುಕೊಂಡು ಹೋಗುವವನೂ ಅವನೇ. ಪ್ರತಿ ರಜೆ ಮುಗಿಸಿ ಹೊರಡುವಾಗಲೂ “ಸೋಮಣ್ಣನಿಗೆ ಎಂತಾದ್ರೂ ಕಟ್ಟಿಕೊಡು” ಎನ್ನುತ್ತಿದ್ದರು. ನಾನು ಹಲಸಿನ ಹಪ್ಪಳ ಕಟ್ಟಿಕೊಡುತ್ತಿದ್ದೆ. ಯಾರಿಗೆಂದು ಸರಿಯಾಗಿ ಯೋಚಿಸಿರಲಿಲ್ಲ.

ಆಮೇಲೆ ಸಾಹುಕಾರರು ಇವರನ್ನು ದೇರಾದ ಅಂಗಡಿಗೆ ಹಾಕಿದರು. ದುಬೈಯ ಹಳೆಯ ವ್ಯಾಪಾರದ ಪೇಟೆ ದೇರಾ. ಆಫ್ರಿಕಕ್ಕೆ ಹೋಗುವ ಚೈನು, ಬ್ರೇಕ್ ಶೂ, ಕ್ಲಚ್ ಪ್ಲೇಟುಗಳೆಲ್ಲ ಅಲ್ಲಿಂದಲೇ ಪೆಟ್ಟಿಗೆ ಕಟ್ಟಿ ಹೊರಡುವುದು. ಕುಟುಂಬದ ವೀಸಾ ಸಿಕ್ಕಿತು. ಎಂಟು ವರ್ಷದ ಮೇಲೆ ಒಂದೇ ಸೂರಿನ ಕೆಳಗೆ ಸಂಸಾರ ಎಂದು ನಾನು ಕುಣಿಯುತ್ತಲೇ ಬಂದೆ.

ಬಂದ ಮೇಲೆ ತಿಳಿಯಿತು, ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಕೊಟೊನು ಕೂಡ ವಾಸವಾಗಿದೆ ಎಂದು. ನಾನು ಹೊಸ ಊರು ಕಲಿಯಲು ಹೆಣಗುತ್ತಿದ್ದೆ. ಬಸ್ ನಿಲ್ದಾಣಕ್ಕೆ ಎ.ಸಿ. ಹಾಕಿರುವ ಊರನ್ನು ನಾನು ಕಂಡಿರಲಿಲ್ಲ. ಮೆಟ್ರೋದಲ್ಲಿ ಹೆಂಗಸರ ಡಬ್ಬಿ ಯಾವುದೆಂದು ತಿಳಿಯದೆ ಒಮ್ಮೆ ಗಂಡಸರ ನಡುವೆ ಸಿಕ್ಕಿಬಿದ್ದಿದ್ದೆ. ಮೇ ತಿಂಗಳಲ್ಲಿ ನಳ್ಳಿಯ ತಣ್ಣೀರು ಕೈ ಸುಡುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. ಯಲ್ಲಾ ಎಂದರೆ ನಡಿ, ಖಲಾಸ್ ಎಂದರೆ ಮುಗಿಯಿತು, ಮಾಫಿ ಎಂದರೆ ಇಲ್ಲ. ಈ ಮೂರು ಅರಬ್ಬಿ ಮಾತು ಇಟ್ಟುಕೊಂಡು ಮೀನಿನ ಮಾರ್ಕೆಟಿನಲ್ಲಿ ಅಂಜಲ್ ಕೊಂಡ ದಿನ ನನಗಾದ ಹೆಮ್ಮೆ ಇಷ್ಟಿಷ್ಟಲ್ಲ. ಅದನ್ನು ಹೇಳಲು ಕಾದು ಕೂತಿದ್ದೆ. ಇವರು ಕೇಳಿ, “ಕೊಟೊನುವಿನಲ್ಲಿ ಮೀನು ಇದಕ್ಕಿಂತ ತಾಜಾ” ಎಂದರು.

ಟ್ಯಾಕ್ಸಿ ಬರುವುದು ತಡವಾದರೂ ಅದೇ ಮಾತು. “ಅಲ್ಲಿ ಆದ್ರೆ ಇಷ್ಟು ಹೊತ್ತು ಕಾಯ್ಲಿಕ್ಕೇ ಇಲ್ಲ ಮಾರಾಯ್ತಿ. ಕೈ ಎತ್ತಿದ್ರೆ ಆಯ್ತು, ನಾಲ್ಕು ಝೆಮ್ ಬಂದು ನಿಲ್ತದೆ.”

“ಹಾಗಾದ್ರೆ ಅಲ್ಲಿಗೇ ಹೋಗಿ ನಿಂತ್ಕೊಳ್ಳಿ,” ಎಂದು ಒಮ್ಮೆ ರೇಗಿದೆ.

ಇವರು ನಗಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ. ಸವತಿಯಾದರೆ ಮುಖ ನೋಡಿ ಜಗಳ ಆಡಬಹುದು. ನಾನು ನೋಡಿಯೇ ಇರದ ಒಂದು ಊರಿನ ಮೇಲೆ ಏನೆಂದು ಜಗಳ ಆಡುವುದು? ಈ ಮನುಷ್ಯ ಇಲ್ಲಿ ನನ್ನ ಜೊತೆ ಉಳಿಯುತ್ತಾರೋ, ಅಲ್ಲಿಗೆ ವಾಪಸು ಹೋಗುತ್ತಾರೋ ಎಂಬ ಒಂದೇ ಚಿಂತೆ ಅಂದಿನಿಂದ ನನಗೆ ಹತ್ತಿಕೊಂಡಿತು.

ಹಾಗಿರುವಾಗ ಆ ಊರಿನ ಒಂದು ತುಂಡು ಅನಾನಸು ಹಿಡಿದು ಬಾಗಿಲಿಗೇ ಬಂತು. ಇವರೇ ಯಾರನ್ನೋ ಹಿಡಿದು ಕೋಜೋನಿಗೆ ಡೆಲಿವರಿ ಕಂಪನಿಯೊಂದರಲ್ಲಿ ಬೈಕ್ ಓಡಿಸುವ ಕೆಲಸ ಕೊಡಿಸಿದ್ದರು. ನನಗೆ ಹೇಳಿರಲಿಲ್ಲ. ಕೇಳಿದರೆ, “ಸರ್ಪ್ರೈಸ್ ಇರ್ಲಿ ಅಂತ” ಎಂದರು. ನನ್ನ ಹುಟ್ಟುಹಬ್ಬಕ್ಕೆ ಈ ಮನುಷ್ಯ ಯಾವತ್ತೂ ಸರ್ಪ್ರೈಸ್ ಮಾಡಿದ್ದಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಮಧ್ಯಾಹ್ನ ಕೋಜೋ ನಮ್ಮಲ್ಲಿ ಊಟಕ್ಕೆ. ದೇರಾದಲ್ಲಿ ಎಂಟು ಜನರಿದ್ದ ರೂಮಿನಲ್ಲಿ ಅವನಿಗೊಂದು ಮಂಚದ ಜಾಗ. ಇಲ್ಲಿ ಅದಕ್ಕೆ ಬೆಡ್ ಸ್ಪೇಸ್ ಎನ್ನುತ್ತಾರೆ. ಮೀನಿನ ಗಸಿ ಬಡಿಸಿದರೆ ತಟ್ಟೆಯಲ್ಲಿ ಏನೂ ಉಳಿಸುತ್ತಿರಲಿಲ್ಲ. ಇವರಿಬ್ಬರೂ ಫ್ರೆಂಚು, ಇಂಗ್ಲಿಷು, ತುಳು ಬೆರೆಸಿ ಮಾತಾಡುತ್ತಿದ್ದರು. ಇವರು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಆ ನಗುವನ್ನು ನಾನು ಅಷ್ಟು ವರ್ಷದ ದಾಂಪತ್ಯದಲ್ಲಿ ಕೇಳಿರಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಇಬ್ಬರಿಗೂ ಕೇಳಿಸುತ್ತಿರಲಿಲ್ಲ.

ಆಗ ನಾನು ಕರಾಮದ ಪಕ್ಕದ ಊದ್ ಮೇಥಾದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿದ್ದೆ. ಕಾರು ಓಡಿಸಲೂ ಕಲಿಯುತ್ತಿದ್ದೆ. ಈ ದೇಶದಲ್ಲಿ ಲೈಸೆನ್ಸ್ ಸಿಗುವುದು ಹುಡುಗಾಟವಲ್ಲ. ಪಾರ್ಕಿಂಗ್ ಪರೀಕ್ಷೆ, ಆಮೇಲೆ ರಸ್ತೆಯ ಪರೀಕ್ಷೆ. ಫೇಲಾದರೆ ಮತ್ತೆ ಕ್ಲಾಸು. ಕೋಜೋನಿಗೂ ಇಲ್ಲಿಯ ಬೈಕ್ ಲೈಸೆನ್ಸ್ ಆಗಬೇಕಿತ್ತು. ಹದಿನೈದು ವರ್ಷ ಬೈಕನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಇದು ನೀರು ಕುಡಿದಷ್ಟು ಸುಲಭ ಎಂದು ಇವರ ಲೆಕ್ಕ. ಪರೀಕ್ಷೆಯ ದಿನ ರಜೆ ಹಾಕಿ ಜೊತೆಗೆ ಹೋದರು. ಹಿಂದಿನ ದಿನ ನನ್ನ ಪಾರ್ಕಿಂಗ್ ಪರೀಕ್ಷೆ ಇತ್ತು. ನಾನು ಬಸ್ಸಿನಲ್ಲಿ ಒಬ್ಬಳೇ ಹೋಗಿ, ಫೇಲಾಗಿ, ಬಸ್ಸಿನಲ್ಲೇ ಬಂದಿದ್ದೆ.

ಕೋಜೋ ಕೂಡ ಫೇಲಾದ. ಹೇಗೆಂದರೆ, ಮೊದಲನೆಯದಾಗಿ ಅವನು ಪೆಟ್ರೋಲ್ ಟ್ಯಾಂಕಿಗೆ ಅಂಟಿಕೊಂಡು ಕೂತಿದ್ದನಂತೆ. ಸೀಟಿನ ಮುಕ್ಕಾಲು ಭಾಗ ಹಿಂದೆ ಕೂರುವವರಿಗೆ ಬಿಟ್ಟು ಅಭ್ಯಾಸ. ಸರಿಯಾಗಿ ಹಿಂದೆ ಕೂತ್ಕೋ ಎಂದರೆ ಹಿಂದೆ ಸರಿಯುತ್ತಾನೆ, ಎರಡು ಸುತ್ತು ಹೊಡೆಯುವಷ್ಟರಲ್ಲಿ ಮತ್ತೆ ಟ್ಯಾಂಕಿನ ಮೇಲೆ. ಅದನ್ನಾದರೂ ಮನ್ನಿಸುತ್ತಿದ್ದರೋ ಏನೋ. ಆದರೆ ಮೈದಾನದ ಅಂಚಿನಲ್ಲಿ ನಿಂತ ತರಬೇತುದಾರನೊಬ್ಬ ದೂರದ ಇನ್ನೊಬ್ಬನನ್ನು ಕರೆಯಲು ಕೈ ಎತ್ತಿದ. ಕೋಜೋ ಪರೀಕ್ಷೆಗೆಂದು ಹಾಕಿದ್ದ ಗೆರೆಯನ್ನೂ ಕೋನುಗಳನ್ನೂ ಬಿಟ್ಟು ನೆಟ್ಟಗೆ ಅವನ ಬಳಿ ಹೋಗಿ ಬೈಕ್ ನಿಲ್ಲಿಸಿ, ಹತ್ತಲು ಸುಲಭವಾಗಲೆಂದು ಅವನ ಕಡೆಗೆ ಸ್ವಲ್ಪ ವಾಲಿಸಿ, ಹಿಂದಿನ ಸೀಟನ್ನು ಕೈಯಿಂದ ತಟ್ಟಿದನಂತೆ. ಪರೀಕ್ಷಕರು ಖಲಾಸ್ ಎಂದರು.

ಇವರು ಇದನ್ನು ಮನೆಯಲ್ಲಿ ಅಭಿನಯಿಸಿ ತೋರಿಸಿದರು. ಮಾನ್ವಿ “ಡ್ಯಾಡಿ, ಒನ್ಸ್ ಮೋರ್!” ಎಂದು ಹೊಟ್ಟೆ ಹಿಡಿದು ನಕ್ಕಳು. ನನಗೂ ನಗು ಬಂತು. ನುಂಗಿಕೊಂಡೆ.

“ನಾನೂ ನಿನ್ನೆ ಫೇಲಾದೆ,” ಎಂದೆ.

“ಹೌದಾ? ಛೇ,” ಎಂದು ಇವರು ಕೋಜೋನಿಗೆ ಸಮಾಧಾನ ಹೇಳಲು ಫೋನು ಎತ್ತಿಕೊಂಡರು.

ಒಂದು ಶನಿವಾರ ಕೋಜೋ ಬಂದಾಗ ಇವರು ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಅಷ್ಟರಲ್ಲಿ ಅವನು ಹೇಗೋ ಲೈಸೆನ್ಸ್ ಗಿಟ್ಟಿಸಿಕೊಂಡು ಕೆಲಸ ಶುರುಮಾಡಿದ್ದ. ಕುಡಿಯಲು ಮಜ್ಜಿಗೆ ಕೊಟ್ಟೆ. ಅವನು ಬೈಕಿನ ಮಾತು ತೆಗೆದ. ಇಲ್ಲಿ ಹಿಂದೆ ಪೆಟ್ಟಿಗೆ ಮಾತ್ರ, ಬಿರಿಯಾನಿ ಇರುವ ಪೆಟ್ಟಿಗೆ ಎಂದ. ಭಾರ ಅಷ್ಟೇ ಇರುತ್ತದಂತೆ, ಮಾತು ಮಾತ್ರ ಇಲ್ಲ. ಅವನದು ಮುರುಕು ಇಂಗ್ಲಿಷು, ನಡುನಡುವೆ ತುಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಕೇಳಿಯೇಬಿಟ್ಟೆ: “ನಿಮ್ಮ ಬೈಕಲ್ಲಿ ಇವರು ಅಷ್ಟು ಎಂತ ಮಾತಾಡ್ತಿದ್ದರು?”

“ಗೊತ್ತಿಲ್ಲ ಅಕ್ಕ. ಎಲ್ಲ ತುಳು. ಅಂಗಡಿ ಬಾಗಿಲು ಹಾಕಿದಾಗ ಶುರು, ರೂಮು ಬರುವವರೆಗೆ. ದಿನಾ. ನನಗೆ ಮೊದಲು ಒಂದು ಶಬ್ದವೂ ಅರ್ಥ ಆಗ್ತಿರಲಿಲ್ಲ. ಆಮೇಲೆ ನಾಲ್ಕು ಶಬ್ದ. ಅರ್ಥ ಆಗದಿದ್ದರೆ ಅಣ್ಣನಿಗೆ ಖುಷಿ.”

“ಮತ್ತೆ ನೀವು ಎಂತ ಹೇಳ್ತಿದ್ದಿರಿ?”

“ನಾನು ಹೂಂ ಅಂತಿದ್ದೆ. ನಮ್ಮ ಕೆಲಸದಲ್ಲಿ ಹಿಂದೆ ತಿರುಗಬಾರದು ಅಕ್ಕ. ಹಿಂದೆ ಕೂತವರು ಎಷ್ಟೋ ಜನ ಜಗಳ ಆಡ್ತಾರೆ, ಹಾಡ್ತಾರೆ, ದೇವರಿಗೆ ಬೈತಾರೆ. ನಮ್ಮ ಮುಖ ರಸ್ತೆಗೆ. ಮಗು ಹುಟ್ಟಿತು ಅಂತ ಫೋನ್ ಬಂದ ದಿನ ಅಣ್ಣ ದಾರಿ ಪೂರ್ತಿ ಅತ್ತರು. ನನ್ನ ಅಂಗಿ ಒದ್ದೆಯಾಯಿತು. ಮಳೆ ಅಂದ್ಕೊಂಡೆ. ಅದು ಮಳೆಯ ತಿಂಗಳಲ್ಲ. ರೂಮು ದಾಟಿ ಸಮುದ್ರದವರೆಗೆ ಹೋಗಿ ಸುಮ್ಮನೆ ವಾಪಸು ಬಂದೆ, ಅವರಿಗೆ ಸಮಯ ಬೇಕಲ್ಲ.”

ಅವನು ಇದನ್ನು ಒಳ್ಳೆಯ ಮನಸ್ಸಿನಿಂದ ಹೇಳಿದ. ನನ್ನ ಮೈ ಉರಿದುಹೋಯಿತು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಹೆರಿಗೆಯಾದ ಮೇಲೆ ನಾನೇ ಅಮ್ಮನ ಕೈಯಿಂದ ಫೋನು ತೆಗೆದುಕೊಂಡು ಮಾತಾಡಿದ್ದೆ. ಇವರು ಹೇಳಿದ್ದು ಇಷ್ಟೇ: “ಹೌದಾ? ಹುಷಾರಾಗಿದ್ದೀರಲ್ಲ ಇಬ್ರೂ? ಸರಿ, ಆಮೇಲೆ ಮಾಡ್ತೇನೆ.” ಈ ಮನುಷ್ಯನಿಗೆ ಕಣ್ಣೀರೇ ಇಲ್ಲ, ಹುಟ್ಟುಗುಣ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಕಣ್ಣೀರು ಇತ್ತು, ಬೇರೆ ಕಡೆ ಬಿದ್ದಿತ್ತು. ನನಗೆ ಸೇರಬೇಕಾದದ್ದನ್ನು ಇನ್ನೊಬ್ಬರು ತೊಟ್ಟು ಒಗೆದು ಒಣಗಿಸಿದ್ದರು. ಮಜ್ಜಿಗೆಯ ಲೋಟ ತೆಗೆದುಕೊಂಡು ಒಳಗೆ ಹೋದೆ. ಆ ಶನಿವಾರ ಗಸಿಗೆ ಉಪ್ಪು ಹಾಕುವುದನ್ನು ಮರೆತೆ. ಇಬ್ಬರೂ ತಟ್ಟೆ ಖಾಲಿ ಮಾಡಿ ಎದ್ದರು.

ನಾಲ್ಕನೆಯ ಸಲಕ್ಕೆ ನನಗೆ ಲೈಸೆನ್ಸ್ ಸಿಕ್ಕಿತು. ಪರೀಕ್ಷಕಿ ಬುರ್ಖಾದ ಒಳಗಿನಿಂದ “ಮಬ್ರೂಕ್” ಎಂದರು. ಶುಭಾಶಯ ಎಂದು ಅರ್ಥ. ಊರಿಗೆಲ್ಲ ಫೋನು ಮಾಡಿ ಹೇಳಿದೆ. ಸೈಕಲ್ ಕೂಡ ತುಳಿಯದ ನಾನು, ಆರು ಲೇನಿನ ರಸ್ತೆಯಲ್ಲಿ! ಹಳೆಯ ಕಾರೊಂದನ್ನು ಕೊಂಡೆವು. ಮೊದಲ ದೂರದ ಸವಾರಿಯೂ ಕೋಜೋನ ಪಾಲಿಗೇ ಹೋಯಿತು. ಅವನನ್ನು ಕಂಪನಿಯವರು ಅಬುಧಾಬಿಗೆ ವರ್ಗ ಮಾಡಿದ್ದರು. ಪೆಟ್ಟಿಗೆ ಸಮೇತ ಬಿಟ್ಟು ಬರೋಣ ಎಂದರು ಇವರು. ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ನೂರೈವತ್ತು ಕಿಲೋಮೀಟರು ದೂರ! ಇನ್ನು ಶನಿವಾರಗಳು ನನ್ನವು.

ಹೋಗುವಾಗ ಉದ್ದ ಕಾಲಿನ ಕೋಜೋ ಮುಂದಿನ ಸೀಟಿನಲ್ಲಿ, ಇವರೂ ಮಾನ್ವಿಯೂ ಹಿಂದೆ. ಅಬುಧಾಬಿಯ ಹೊರವಲಯದ ಮುಸ್ಸಫಾದಲ್ಲಿ ಅವನ ಹೊಸ ರೂಮಿನ ಮುಂದೆ ಇಳಿಸಿದೆವು. ವಾಪಸು ಹೊರಟಾಗ ಮಾನ್ವಿ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವಳು ಏಳುತ್ತಾಳೆಂದು ಇವರು ಮುಂದೆ ಬರದೆ ಅಲ್ಲೇ ಕೂತರು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಎರಡೂ ಬದಿ ಮರಳು. ನಾನು ಸ್ಟಿಯರಿಂಗ್ ಹಿಡಿದ ಕೈ ಸಡಿಲಿಸದೆ, ಕಣ್ಣು ರಸ್ತೆಯಿಂದ ತೆಗೆಯದೆ ಓಡಿಸುತ್ತಿದ್ದೆ.

ಸ್ವಲ್ಪ ದೂರ ಬಂದ ಮೇಲೆ ನನ್ನ ಬೆನ್ನ ಹಿಂದೆ ಇವರು ಮಾತಾಡತೊಡಗಿದರು. ತುಳುವಿನಲ್ಲಿ. ಮೊದಲು ಮಗಳ ಕನವರಿಕೆಗೆ ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನನಗೇ. ದೇರಾದ ಅಂಗಡಿಯಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ ಎಂದರು. ಎಂಟು ವರ್ಷ ಕೊಟೊನುವಿನ ರೂಮಿನಲ್ಲಿ ನನ್ನ ಸೀರೆಯೊಂದನ್ನು ದಿಂಬಿಗೆ ಸುತ್ತಿ ತಾನು ಮಲಗುತ್ತಿದ್ದುದಾಗಿ ಹೇಳಿದರು. ಇಲ್ಲಿಗೆ ಬಂದ ಮೇಲೆ ನಾನೂ ಮಗಳೂ ಸೇರಿ ನಡೆಸುತ್ತಿದ್ದ ಮನೆಯಲ್ಲಿ ತಾನು ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ ಎಂದರು. ನಾನು “ಹೂಂ” ಎಂದೆ. ಹೂಂ ಎನ್ನುತ್ತಲೇ ಇದ್ದೆ. ಗೆದ್ದೆ ಎನಿಸಿತು. ಇದು ಕೊನೆಗೂ ನನಗೆ ಬಂತು, ಆ ಬೆನ್ನಿನಿಂದ ಈ ಬೆನ್ನಿಗೆ ಬಂತು ಎಂದು ಕಣ್ಣು ತುಂಬಿತು.

ಆಗ ಇವರು ಹೇಳಿದರು: “ಸಾಹುಕಾರ್ರೆಡ ಯಾನ್ ಪೋಪೆ ಪಂದ್ ಪಂಡೆ.”

ಹೋಗುತ್ತೇನೆಂದು ಸಾಹುಕಾರರಿಗೆ ಹೇಳಿಬಿಟ್ಟೆ, ಎಂದು. ಕೊಟೊನುವಿಗೆ. ಎರಡು ತಿಂಗಳಲ್ಲಿ.

ತಿರುಗಿ ಮುಖ ನೋಡಲಾಗಲಿಲ್ಲ. ಆ ರಸ್ತೆಯಲ್ಲಿ ನನ್ನ ಎರಡೂ ಬದಿ ಲಾರಿಯಂಥ ಕಾರುಗಳು ಹಾರಿಹೋಗುತ್ತಿದ್ದವು, ನಿಲ್ಲಿಸಲು ಜಾಗವಿಲ್ಲ. ನನ್ನ ಮುಖ ರಸ್ತೆಯ ಕಡೆಗೆ ಇದ್ದದ್ದರಿಂದಲೇ ಅವರಿಗೆ ಹೇಳಲು ಸಾಧ್ಯವಾಯಿತು ಎಂದು ನನಗೆ ಗೊತ್ತಿತ್ತು. ನಲವತ್ತು ಕಿಲೋಮೀಟರು ಹಾಗೇ ಓಡಿಸಿದೆ. ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದ ಮೇಲೆ ತಿರುಗಿದೆ.

“ನಾವು?” ಎಂದೆ.

“ಬರ್ತೀರಾ?”

“ಅವಳ ಶಾಲೆ? ನನ್ನ ಕೆಲಸ?”

“ಅದಕ್ಕೇ ಕೇಳ್ಲಿಕ್ಕೆ ಹೆದ್ರಿಕೆ ಆದದ್ದು ನನಗೆ,” ಎಂದರು, ಕನ್ನಡದಲ್ಲಿ.

ಜಗಳ ಆಡಿದೆವು, ಚೆನ್ನಾಗಿಯೇ ಆಡಿದೆವು. ಇವರು ಹೋದರು. ನಾನು ಉಳಿದೆ. ಮಗಳು ಈಗ ನನ್ನ ವೀಸಾದಲ್ಲಿದ್ದಾಳೆ. ಕಾಗದದಲ್ಲಿ ನಾನೇ ಯಜಮಾನಿ. ಸರಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನಿಂದ ಆ ಕಾಗದ ಹಿಡಿದು ಹೊರಬಂದಾಗ ಹೆಮ್ಮೆಯೂ ಆಯಿತು, ಅಳುವೂ ಬಂತು. ಊರಿಗೆ ಹೋದರೆ ಎಲ್ಲರೂ “ದುಬೈಯವಳು” ಎನ್ನುತ್ತಾರೆ. ಇಲ್ಲಿಯವರು ಯಾವ ಊರಿನವಳೆಂದು ಕೇಳುತ್ತಾರೆ. ಇವರು ಪ್ರತಿ ಶುಕ್ರವಾರ ಫೋನು ಮಾಡಿ, ಶಾಲೆಯ ರಜೆಗೆ ಕೊಟೊನುವಿಗೆ ಬನ್ನಿ, ಸಮುದ್ರದ ದಾರಿಯಲ್ಲಿ ತಿರುಗಿಸುತ್ತೇನೆ ಎನ್ನುತ್ತಾರೆ. ಆ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನನಗೂ ಆಸೆ ಇದೆ. ನೋಡಿದರೆ ಎಲ್ಲಿ ಇಷ್ಟವಾಗಿಬಿಡುತ್ತದೋ ಎಂದು ಟಿಕೆಟಿನ ಮಾತು ಬಂದಾಗಲೆಲ್ಲ ವಿಷಯ ಬದಲಿಸುತ್ತೇನೆ.

ಕಳೆದ ಶನಿವಾರ ಕೋಜೋ ಅಬುಧಾಬಿಯಿಂದ ಬಸ್ಸು ಹಿಡಿದು ಬಂದ. ಸೊರಗಿದ್ದ. ಮಾನ್ವಿಯ ಜೊತೆ ಸ್ವಲ್ಪ ಹೊತ್ತು ಕೇರಂ ಆಡಿದ. ಊಟಕ್ಕೆ ಕೂತ ಮೇಲೆ, ಮೀನಿನ ಮುಳ್ಳು ಬಿಡಿಸುತ್ತಾ, ತಟ್ಟೆ ನೋಡುತ್ತಲೇ ಕೇಳಿದ:

“ಅಕ್ಕ, ಅಣ್ಣ ಈಗ ಯಾರ ಬೈಕಲ್ಲಿ ಹೋಗ್ತಾರೆ?”

ನನಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ಇವರು ಫೋನಿನಲ್ಲಿ ಹೊಗಳಿ ಮುಗಿಸಿದ್ದರು. ಹೊಸ ಝೆಮ್‌ನವನು ಒಳ್ಳೆಯವನು, ಮಾತು ಕಡಿಮೆ, ಎಷ್ಟು ಹೇಳಿದರೂ ಕೇಳಿಸಿಕೊಳ್ಳುತ್ತಾನೆ, ಅವನಿಗೂ ಒಂದು ತುಳು ಹೆಸರು ಇಟ್ಟಿದ್ದೇನೆ ಎಂದು. ನಾನು ಫೋನು ಇಟ್ಟು ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದೆ.

ಕೋಜೋ ತಲೆಯೆತ್ತಿ ನೋಡಿದ. ಆ ಮುಖದಲ್ಲಿ ಇದ್ದದ್ದು ಏನೆಂದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

“ಯಾರ ಬೈಕಲ್ಲೂ ಇಲ್ಲ,” ಎಂದೆ. “ನಡ್ಕೊಂಡೇ ಹೋಗ್ತಾರಂತೆ.”

“ಅಷ್ಟು ದೂರ?”

“ಅಷ್ಟು ದೂರ.”

ಅವನು ಕೈಯಲ್ಲಿದ್ದ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟ. ಆಮೇಲೆ ನಕ್ಕ, ಇನ್ನೊಂದು ತುಂಡು ಮೀನು ಕೇಳಿದ. ಬಡಿಸಿದೆ. ನನಗೂ ಬಡಿಸಿಕೊಂಡು ಅವನ ಎದುರಿಗೆ ಕೂತೆ, ಅಷ್ಟು ದಿನದಲ್ಲಿ ಮೊದಲ ಸಲ.